ಗುಂಡಿ ಇರೋ ತನಕ

ನಮ್ಮ ಬೀದಿಯ ದರ್ಜಿಯಷ್ಟು ನಿಷ್ಠುರ ಮನುಷ್ಯನನ್ನು ನಾನು ಕಂಡಿಲ್ಲ. ಭಾನುವಾರ ಮಧ್ಯಾಹ್ನ ಅವನ ಮನೆಯಲ್ಲಿ ಗೆಳೆಯರ ಪೋಕರ್ ಇಸ್ಪೀಟಾಟ. ಪಣಕ್ಕೆ ಕೋಟಿನ ಗುಂಡಿಗಳು. ಬೇಕೆಂದಾಗ ಎದ್ದು ಹೋಗುವಂಥ ಆಟವಿರಲಿ ಎಂದು ನಾವು ಗೋಗರೆದರೆ ಕತ್ತರಿ ಕುಕ್ಕಿ, "ಇದೇನು ಛತ್ರಾನಾ? ಗುಂಡಿ ಇರೋ ತನಕ ಕೂತಿರ್ಬೇಕು, ಮುಗಿದ್ರೆ ಮನೆಗೆ ನಡೀಬೇಕು!" ಎನ್ನುತ್ತಾನೆ. ಸ್ವಂತ ಭಾವಮೈದುನ ಮೊದಲ ಸುತ್ತಿಗೇ ಸೋತಾಗ, ಬಾಯಿಗಿಟ್ಟ ಚಹಾ ಮುಗಿಯುವ ಮೊದಲೇ ಚಪ್ಪಲಿ ತೋರಿಸಿ ಕಳಿಸಿದ, ನಾವೆಲ್ಲ ದಂಗಾದೆವು. ಪಕ್ಕದವನ ಎಲೆ ಇಣುಕಿದವನಿಗೆ ಅಂಗಿಯನ್ನೇ ಹೊಲಿದುಕೊಡಲಿಲ್ಲ. ಇಂಥವನು ಮೊನ್ನೆ, ಅಂಚೆಯಣ್ಣ ಇದ್ದಬದ್ದ ಗುಂಡಿಗಳನ್ನೆಲ್ಲ ಪಣವಾಗಿ ನಡುವಿಗೆ ತಳ್ಳಿದಾಗ, "ಥೂ, ದರಿದ್ರ ಎಲೆ" ಎಂದು ಎಲೆ ಮಗುಚಿ ಆಟ ಬಿಟ್ಟುಕೊಟ್ಟ. ಕಲೆಸಲು ಎತ್ತಿಕೊಂಡ ನಾನು ದರ್ಜಿಯ ಎಲೆ ನೋಡಿ ಹೌಹಾರಿದೆ. ಎರಡೂ ಎಕ್ಕ, ಮೇಜಿನ ಮೇಲೆ ಬಿಚ್ಚಿಟ್ಟಿದ್ದರಲ್ಲಿ ಇನ್ನೆರಡು ಎಕ್ಕ! ಗೆದ್ದ ಆಟವನ್ನು ಎಸೆದಿದ್ದ. "ಏನಯ್ಯಾ ಇದು?" ಎಂದರೆ ನನ್ನ ಕಿವಿಯಲ್ಲಿ, "ಸುಮ್ನಿರು ಮಾರಾಯ. ಹೆಂಡ್ತಿ ಹೋದ್ಮೇಲೆ ಆ ಮನೇಲಿ ಯಾರಿದಾರೆ ಅವನಿಗೆ?" ಎಂದ. ಅಷ್ಟರಲ್ಲಿ ಅಂಚೆಯಣ್ಣ ಎದ್ದು, "ನಾನಿನ್ನು ಬರ್ಲಾ?" ಎಂದ. ದರ್ಜಿ ಗದರಿದ: "ಗುಂಡಿ ಇದೆಯಲ್ಲ, ಕೂತ್ಕೋ!"