ದೇವರ ಗೂಡು ಸೇರಿದ ಸ್ಲೇಟು

ನಮ್ಮ ಬನಿಯನ್ ಕಂಪನಿಯ ಡಿಸೈನ್ ವಿಭಾಗಕ್ಕೆ ಮುಖ್ಯಸ್ಥೆಯಾಗಿ ಬಂದವರು ಕರ್ನಾಟಕದ ಹಳೆಯ ರಾಜಮನೆತನವೊಂದರ ಮಗಳು ಎಂದು ತಿಳಿದ ದಿನ ತಿರುಪ್ಪೂರಿನ ನಮ್ಮ ಬೀದಿಗೆ ಬೀದಿಯೇ ಎದ್ದು ಕೂತಿತು. ಮಗ್ಗ ಬಿಟ್ಟು ಬನಿಯನ್ ಹಿಡಿದ ಕನ್ನಡದ ಮನೆಗಳು ನಮ್ಮವು. ಕಂಪನಿಯಲ್ಲಿ ನಾನು ಹೊಲಿಗೆಗೆ, ಅಮ್ಮ ನೂಲಿನ ತುದಿ ಕತ್ತರಿಸುವ ಕೆಲಸಕ್ಕೆ. ಬಂದವರಿಗೆ ಎದುರಿನಲ್ಲಿ ಮೇಡಂ, ಬೆನ್ನ ಹಿಂದೆ ರಾಣಿಯಮ್ಮ. ಕಾರಿನಿಂದ ಇಳಿದರೆ ಯಾರಾದರೂ ಕೊಡೆ ಹಿಡಿಯುತ್ತಾರೆ ಎಂದುಕೊಂಡಿದ್ದೆವು. ನೋಡಿದರೆ ನಮ್ಮ ಸಾಲಿನಲ್ಲೇ ನಿಂತು ಹಾಜರಿ ಯಂತ್ರಕ್ಕೆ ಬೆರಳು ಒತ್ತುತ್ತಿದ್ದರು. ಬಣ್ಣ ಚೂರು ಆಚೀಚೆಯಾದರೂ ಇಡೀ ಬಟ್ಟೆಯನ್ನು ವಾಪಸ್ ಕಳಿಸುವ ಗಟ್ಟಿಗಿತ್ತಿ.

ಭಾನುವಾರ ಮಾತ್ರ ಅವರೇ ಬೇರೆ. ಕಂಪನಿಯ ಊಟದ ಕೋಣೆಯಲ್ಲಿ ಹೆಂಗಸರಿಗೆ ತಮಿಳು ಅಕ್ಷರ ಕಲಿಸುತ್ತಿದ್ದರು. ಸ್ಲೇಟು, ಬಳಪ ಎಲ್ಲ ತಮ್ಮ ಖರ್ಚಿನಲ್ಲೇ. ಈಗ ಇದನ್ನು ಬರೆಯುತ್ತಿರುವ ಕನ್ನಡ ಅಕ್ಷರ ನನಗೆ ಆಮೇಲೆ ಬಂದದ್ದೂ ಅವರಿಂದಲೇ. ಕೆಲಸಕ್ಕೆಂದು ತಮಿಳನ್ನು ಅವರೂ ಆಗತಾನೇ ಕಲಿತಿದ್ದರು, ಓದುವಾಗ ಅಲ್ಲಲ್ಲಿ ತಡವರಿಸುತ್ತಿದ್ದರು. ಅದು ಅಮ್ಮನಿಗೆ ಬಹಳ ಹಿಡಿಸಿತು.

ಅಮ್ಮನಿಗೆ ಓದು ಬೇಕಾಗಿದ್ದದ್ದು ಒಂದೇ ಕಾರಣಕ್ಕೆ. ವಾಲ್ಪಾರೈಯ ಟೀ ಎಸ್ಟೇಟಿನಲ್ಲಿದ್ದ ಅಕ್ಕನಿಗೆ ಎರಡನೆಯ ಹೆರಿಗೆ ಹತ್ತಿರ ಬಂದಿತ್ತು. ದೊಡ್ಡ ಮಗುವಿನ ಶಾಲೆ ಬಿಡಿಸಿ ಅವಳು ಬರುವಂತಿರಲಿಲ್ಲ, ಅಮ್ಮನೇ ಹೋಗಬೇಕು. ನನಗೂ ಅಪ್ಪನಿಗೂ ರಜೆ ಇಲ್ಲ. ದಾರಿಯಲ್ಲಿ ಪೊಳ್ಳಾಚಿಯಲ್ಲಿ ಬಸ್ಸು ಬದಲಿಸಬೇಕು. ಹಿಂದೊಮ್ಮೆ ಅಲ್ಲೇ ಬೋರ್ಡು ಓದಲು ಬಾರದೆ ಯಾರನ್ನೋ ಕೇಳಿ ಬಸ್ಸು ಹತ್ತಿ, ಉಡುಮಲೈಗೆ ಹೋಗಿ ಇಳಿದವಳು ಅಮ್ಮ. ಒಬ್ಬಳನ್ನೇ ಕಳಿಸುವುದಿಲ್ಲ ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದ.

ಮೊದಲ ಭಾನುವಾರ ಎಲ್ಲರೂ ‘ಅ’ ತಿದ್ದುತ್ತಿದ್ದರೆ ಅಮ್ಮ ತನಗೆ ವಾಲ್ಪಾರೈಯೇ ಬೇಕೆಂದು ಹಟ ಹಿಡಿದಳು. ರಾಣಿಯಮ್ಮ ಅವಳ ಕೈ ಹಿಡಿದು ಬರೆಸಿದರು. ಮುಂದಿನ ವಾರ ಅಮ್ಮ ಬರಿಗೈಯಲ್ಲಿ ಬಂದಳು. ಅವಳೊಬ್ಬಳೇ ಅಲ್ಲ, ನಮ್ಮ ಬೀದಿಯ ಹೆಂಗಸರೆಲ್ಲ ಹಾಗೇ. ಸ್ಲೇಟುಗಳು ದೇವರ ಗೂಡಿನಲ್ಲಿ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಕೂತಿದ್ದವು! ಅಕ್ಷರ ಅಂದರೆ ಸರಸ್ವತಿ, ಅದೂ ಅರಸರ ಮನೆಯವರು ಕೈ ಹಿಡಿದು ಬರೆಸಿದ್ದು, ಅಳಿಸುವುದುಂಟೆ? ನನಗೋ ತಲೆ ಚಚ್ಚಿಕೊಳ್ಳುವಂತಾಯಿತು. ಹೆರಿಗೆ ಹತ್ತಿರ ಬರುತ್ತಿದೆ, ಇವಳು ಸ್ಲೇಟಿಗೆ ಮಂಗಳಾರತಿ ಎತ್ತುತ್ತಿದ್ದಾಳೆ.

ರಾಣಿಯಮ್ಮ ನಗಲಿಲ್ಲ. ಅಮ್ಮನ ಪಕ್ಕ ನೆಲದ ಮೇಲೆ ಕೂತರು.

“ನಮ್ಮನೇಲೂ ನವರಾತ್ರಿಗೆ ಪುಸ್ತಕ ಪೂಜೆಗೆ ಇಡ್ತೀವಿ ಅಮ್ಮ. ಆದ್ರೆ ದಶಮಿ ದಿನ ತೆಗೆದು ಓದ್ಲೇಬೇಕು. ನಿಮ್ಮ ದಶಮಿ ಯಾವತ್ತು?”

ಅಮ್ಮ ಅವರತ್ತ ತಿರುಗಿದಳು. “ಅಳಿಸಿದ್ಮೇಲೆ ನನ್ನ ಮಗಳ ಊರು ಮತ್ತೆ ಬರೆಯಕ್ಕೆ ಬರ್ಲಿಲ್ಲಾಂದ್ರೆ, ಅಮ್ಮಣಿ?”

“ಮತ್ತೆ ಕೈ ಹಿಡೀತೀನಿ. ಎಷ್ಟು ಸಲ ಬೇಕಾದ್ರೂ.”

ಆ ಸಂಜೆ ಅಮ್ಮ ಒದ್ದೆ ಬಟ್ಟೆಯಿಂದ ಸ್ಲೇಟು ಒರೆಸಿ, ಆ ನೀರನ್ನು ತುಳಸಿಯ ಬುಡಕ್ಕೆ ಹಿಂಡಿದಳು. ಆಮೇಲೆ ದಿನವೂ ಬರೆಯುವುದು, ಒರೆಸುವುದು, ಹಿಂಡುವುದು. ಈ ಮನೆಯಲ್ಲಿ ಮೊದಲು ಪಾಸಾಗುವುದು ತುಳಸಿಯೇ ಎಂದು ಅಪ್ಪ ರೇಗಿಸಿದ. ಆದರೂ ಅವಳನ್ನು ಬಸ್ ನಿಲ್ದಾಣಕ್ಕೆ ಕರೆದೊಯ್ದು ಪರೀಕ್ಷೆ ಮಾಡಿದವನೂ ಅವನೇ. ಅಮ್ಮ ಪಲ್ಲಡಂ ಓದಿದಳು, ಪೊಳ್ಳಾಚಿ ಓದಿದಳು. ಉಡುಮಲೈ ಬೋರ್ಡನ್ನು ಅಪ್ಪನ ಮುಖ ನೋಡುತ್ತಲೇ ಗಟ್ಟಿಯಾಗಿ ಓದಿದಳು. ಅಪ್ಪ ತೆಪ್ಪಗಾದ.

ಅವಳು ಒಬ್ಬಳೇ ಹೊರಟ ದಿನ ನನ್ನ ಹೊಲಿಗೆ ಒಂದೂ ನೆಟ್ಟಗೆ ಬೀಳಲಿಲ್ಲ. ಮಧ್ಯಾಹ್ನ ಪೊಳ್ಳಾಚಿಯಿಂದ ಫೋನ್ ಬಂತು.

“ಬೋರ್ಡು ಓದ್ದೆ ಕಣೇ. ಯಾರನ್ನೂ ಕೇಳ್ಲಿಲ್ಲ.”

ನಾನು ಡಿಸೈನ್ ವಿಭಾಗಕ್ಕೆ ಓಡಿ ಹೇಳಿದೆ. ರಾಣಿಯಮ್ಮ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಕಣ್ಣೊರೆಸಿಕೊಂಡರು. ನನಗೂ ತಡೆಯಲಾಗಲಿಲ್ಲ.

ಹೆರಿಗೆ ಸುಸೂತ್ರವಾಯಿತು. ಬಾಣಂತನ ಮುಗಿಸಿ ಅಮ್ಮ ಒಬ್ಬಳೇ ವಾಪಸ್ ಬಂದಾಗ ಚೀಲದಲ್ಲಿ, ಹೋಗುವಾಗ ಒಯ್ದಿದ್ದ ಸ್ಲೇಟು ಇರಲಿಲ್ಲ. ಅಲ್ಲಿಂದ ಹೊರಡುವ ಮುಂಚೆ, ಬಸ್ಸು ಹುಡುಕಲು ಅಭ್ಯಾಸವಾಗಲಿ ಎಂದು ತಿರುಪ್ಪೂರು ಎಂದು ಬರೆದಿದ್ದಳಂತೆ. ಅಕ್ಕ ಅದನ್ನು ಕಿತ್ತುಕೊಂಡು ದೇವರ ಗೂಡಿನಲ್ಲಿ ಇಟ್ಟುಬಿಟ್ಟಳು. ಅವಳು ಹನ್ನೆರಡನೇ ಕ್ಲಾಸು ಓದಿದವಳು! ಅಳಿಸೇ, ಬೇರೆ ಬರೆದುಕೊಡುತ್ತೇನೆ ಎಂದು ಅಮ್ಮ ಫೋನಿನಲ್ಲಿ ಈಗಲೂ ಬೈಯುತ್ತಾಳೆ. ಅಕ್ಕ ಒಪ್ಪುವುದಿಲ್ಲ.