ಕೆಂಪು ಚುಂಗಿನ ವಾಯರ್

ಸನ್ಮತಿ, ಪೂರ್ವಾ,

ಮೊನ್ನೆ ಮಾಳಿಗೆಯ ಕೋಣೆ ಗುಡಿಸುವಾಗ ಮೂಲೆಯಲ್ಲಿ ಹಳದಿ ವಾಯರಿನ ತುಂಡೊಂದು ಸಿಕ್ಕಿತು. ಅದರ ತುದಿಗೆ ಇಳಕಲ್ ಸೀರೆಯ ಸೆರಗಿನ ಕೆಂಪು ಚುಂಗು ಕಟ್ಟಿತ್ತು. ಮೂಗಿಗೆ ಹಿಡಿದರೆ ಕಾದ ಪ್ಲಾಸ್ಟಿಕ್ಕಿನ ವಾಸನೆ ಇನ್ನೂ ಇತ್ತು... ವೈನಿಯ ನೆನಪಾಯಿತು. ಎದುರಿಗೆ ಕೂತು ಹೇಳಲು ನಿಮ್ಮ ಈ ಅಜ್ಜಿಗೆ ಸಂಕೋಚ, ಅದಕ್ಕೇ ಬರೆಯುತ್ತಿದ್ದೇನೆ.

ಅವಳು ನಮ್ಮ ಪಕ್ಕದ ಮನೆಯವಳು. ನನಗಿಂತ ಚಿಕ್ಕವಳಾದರೂ, ಅಣ್ಣನ ಹೆಂಡತಿಯನ್ನು ಕರೆದಂತೆ ಊರೆಲ್ಲ ವೈನಿ ಎಂದೇ ಕರೆಯುತ್ತಿತ್ತು. ನಮ್ಮೂರು ಭೋಜದ ಮನೆಮನೆಗೆ ಇಂಟರ್‌ನೆಟ್ ಕೊಡುವ ಕೆಲಸ ಅವಳದು. ನಮ್ಮ ಮನೆ ಎತ್ತರದಲ್ಲಿದೆ, ಹೊಳೆ ಏರಿದರೂ ನೀರು ಬರುವುದಿಲ್ಲವೆಂದು ರೌಟರನ್ನು ನಮ್ಮ ಮಾಳಿಗೆಯಲ್ಲೇ ಇಟ್ಟಿದ್ದಳು. ಅದರ ಒಂದೊಂದು ಪೋರ್ಟಿಗೆ ಒಂದೊಂದು ಓಣಿಯ ವಾಯರ್. ಗುರುತಿಗೆ ಹಳೆ ಸೀರೆಗಳ ಚುಂಗು ಕಟ್ಟುತ್ತಿದ್ದಳು. ದವಾಖಾನೆಯದು ಕೆಂಪು.

"ಚೀಟಿ ಹಚ್ಚಿದ್ರ ಉದುರ್ತಾವ. ಸೀರಿ ಉದುರಂಗಿಲ್ಲ ನೋಡ್ರಿ ಅಕ್ಕಾ" ಎಂದು ನಗುತ್ತಿದ್ದಳು.

ಸನ್ಮತಿ, ನೀನು ಹುಟ್ಟಿದ ಮಳೆಗಾಲದಲ್ಲಿ ಸೇತುವೆ ಮುಳುಗಿತ್ತು. ನಿಪ್ಪಾಣಿ ಕಡೆಯ ದೊಡ್ಡ ಲೈನ್ ಕಡಿದುಹೋಗಿ, ಸದಲಗಾ ಕಡೆಯ ಸಣ್ಣದೊಂದೇ ಉಳಿದಿತ್ತು. ಮೊಬೈಲ್ ಟವರೂ ಬಂದ್. ಹಿರಿಯರು ಬಂದು, ಕಬ್ಬಿಗೆ ನೀರು ಬಿಡುವಂತೆ ನೆಟ್ಟನ್ನೂ ಪಾಳಿಯ ಮೇಲೆ ಬಿಡಬೇಕೆಂದರು. ವೈನಿ ಒಪ್ಪಿ, ಎಲ್ಲ ಓಣಿಗೂ ದವಾಖಾನೆಗೂ ಸರದಿಯಂತೆ ಸಮಪಾಲು ಹಚ್ಚಿದಳು. ನನಗೂ ಅದೇ ನ್ಯಾಯ ಅನಿಸಿತ್ತು.

ಮರುದಿನವೇ ನಿನ್ನ ಅವ್ವನಿಗೆ ಬೇನೆ ಶುರುವಾಯಿತು. ನಿಮ್ಮಪ್ಪ ಹೊಳೆಯಾಚೆ ಸಿಕ್ಕಿಕೊಂಡಿದ್ದ. ದವಾಖಾನೆಯಲ್ಲಿ ನರ್ಸಬಾಯಿ ಒಬ್ಬಳೇ. ಕೂಸಿನ ಕಾಲು ಮುಂದೆ ಬಂದಿತ್ತು. ಅವಳು ಫೋನನ್ನು ಕಿಟಕಿಗೆ ಆನಿಸಿಟ್ಟು ನೆಟ್ಟಿನ ಮೂಲಕ ಚಿಕ್ಕೋಡಿಯ ಡಾಕ್ಟರಬಾಯಿಯನ್ನು ಕೇಳಿ ಕೇಳಿ ಮಾಡುತ್ತಿದ್ದಳು. "ಹಿಡೀರಿ" ಎಂಬುದು ಕೇಳಿಸುತ್ತಿತ್ತು, ಎಲ್ಲಿ ಹಿಡಿಯಬೇಕೆಂಬುದು ನುಂಗಿಹೋಗುತ್ತಿತ್ತು... ನಾನು ಮನೆಗೆ ಓಡಿದೆ.

ವೈನಿ ಮಾಳಿಗೆಯಲ್ಲೇ ಇದ್ದಳು. ಕೇಳಿದ ಕೂಡಲೇ ಲ್ಯಾಪ್‌ಟಾಪಿನಲ್ಲಿ ಪಾಳಿ ತೆಗೆದುಹಾಕಿದಳು.

"ಪಿಕ್ಚರ್, ಮ್ಯಾಚ್‌ಗೆ ಲೈನಿನಾಗ ಜಾಗಾ ಭಾಳ ಬೇಕು, ಆದ್ರ ಅದು ಕಾಯ್ತೈತಿ. ಮಾತಿಗೆ ಚೂರ ಸಾಕು, ಅದಕ್ಕ ಕಾಯಾಕ ಬರಂಗಿಲ್ಲ. ನಂಗ ಮೊದ್ಲಾ ಹೊಳೀಬೇಕಿತ್ತು, ಅಕ್ಕಾ."

ಕೆಂಪು ಚುಂಗಿನ ಪೋರ್ಟಿನ ಕರೆ ಎಲ್ಲಕ್ಕಿಂತ ಮೊದಲು, ಮಿಕ್ಕಿದ್ದು ಉಳಿದವರಿಗೆ. ಹಾಗೆ ಹಚ್ಚಿದಳು.

ನಾನು ಕೆಳಗಿಳಿಯುವಷ್ಟರಲ್ಲಿ ಗಂಡಸರು ಬಾಗಿಲಿಗೆ ಬಂದಿದ್ದರು. ಅವರ ಫೋನುಗಳಲ್ಲಿ ಕ್ರಿಕೆಟ್ ನಡೆದಿತ್ತು.

"ಏ ವೈನಿ! ಮ್ಯಾಚ್ ನಿಂತೈತಿ. ನಮ್ಮ ಓಣಿ ಪಾಳಿ ಯಾರಿಗೆ ಮಾರಿದಿ?"

"ನಿಮ್ಮ ಬ್ಯಾಟಿನವಾ ಎಲ್ಲೂ ಓಡಿ ಹೋಗಂಗಿಲ್ಲ ತಗೋರಿ!" ಎಂದಳು ಮೇಲಿನಿಂದ.

"ನಾಳಿಗೇ ಎಲ್ಲಾರೂ ನಿನ್ನ ಕನೆಕ್ಷನ್ ಬಿಡತೇವಿ!"

"ಬಿಡ್ರಿ. ಇವತ್ತ ಬದಲಿಸಂಗಿಲ್ಲ."

ಅವರು ಮೆಟ್ಟಿಲ ಕಡೆ ನುಗ್ಗಿದರು. ಗಂಡಸರ ದನಿ ಕೇಳಿದರೆ ಒಳಗೆ ಸರಿಯುವ ನಾನು ಕೆಳಗಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

"ಯಾರೂ ಮ್ಯಾಲ ಹೋಗಬ್ಯಾಡ್ರಿ. ನನ್ನ ಸೊಸಿ ಹಡ್ಯಾಕತ್ತಾಳ. ಡಾಕ್ಟರ್ ಮಾತು ಇದರಾಗ ಬರಾಕತ್ತೈತಿ."

ನನ್ನ ದನಿ ನನಗೇ ಹೊಸದಾಗಿತ್ತು. ಆದರೆ ಏಳಲಿಲ್ಲ.

ನೀರಿನ ಪಾಳಿ ನೋಡುವ ಮುದುಕ ರುಮಾಲು ಸರಿಮಾಡಿಕೊಂಡ. "ಮೊದ್ಲಾ ಹೇಳಬಾರದೇನವಾ? ನಡೀರ್ಲೇ... ಮ್ಯಾಚ್ ಏನು ಹಡೀತೈತೇನು?"

ನಾನು ಮರಳಿ ದವಾಖಾನೆ ಮುಟ್ಟಿದಾಗ ಡಾಕ್ಟರಬಾಯಿಯ ಮಾತು ಪಕ್ಕದಲ್ಲೇ ನಿಂತು ಹೇಳಿದಂತೆ ಕೇಳುತ್ತಿತ್ತು. ಆಮೇಲೆ ನಿನ್ನ ಅಳು... ಎಲ್ಲೂ ತುಂಡಾಗದೆ ಚಿಕ್ಕೋಡಿಯವರೆಗೂ ಹೋಯಿತು.

ಕೆಲವರು ಸಿಟ್ಟಿನಿಂದ ಕನೆಕ್ಷನ್ ಬಿಟ್ಟದ್ದು ನಿಜ. ದೊಡ್ಡ ಲೈನ್ ಮರಳಿ ಬಂದ ಮೇಲೂ ವೈನಿ ಕೆಂಪು ಚುಂಗನ್ನು ಹಿಂದೆ ಹಾಕಲಿಲ್ಲ. ಹೋದ ವರ್ಷ ಅವಳು ತೀರಿಕೊಂಡಳು. ರೌಟರನ್ನು ಬೇರೆಯವರು ಒಯ್ದರು. ಈಗ ಮಾಳಿಗೆಯಲ್ಲಿ ಮಿಣುಕುವ ದೀಪಗಳಿಲ್ಲ, ಅವಳ ನಗುವೂ ಇಲ್ಲ.

ದವಾಖಾನೆಯ ಸಾಲಿನಲ್ಲಿ ಯಾರಾದರೂ ನರಳುತ್ತಿದ್ದರೆ, "ಅವರನ್ನ ಮೊದ್ಲ ಬಿಡ್ರಿ" ಎನ್ನುತ್ತೇನೆ. ದನಿ ಇನ್ನೂ ನಡುಗುತ್ತದೆ. ಆದರೂ ಅನ್ನುತ್ತೇನೆ, ಮುಂದೆಯೂ ಅನ್ನುತ್ತೇನೆ.

ಆ ಕೆಂಪು ಚುಂಗನ್ನು ಈ ಹಾಳೆಗಳಿಗೆ ಕಟ್ಟಿದ್ದೇನೆ. ಬಿಚ್ಚಬೇಡಿ, ಮಕ್ಕಳೇ. ಹಾಳೆಗಳನ್ನು ನೀರು ಏರದ ಕಡೆ ಜೋಪಾನವಾಗಿಡಿ.