ಮದುವೆ ರೀಲು ಕಡೆಗೆ

ಹಳೆಯ ಸಿನಿಮಾ ರೀಲುಗಳನ್ನು ಹುಡುಕಿ ತಂದು ಜೋಪಾನ ಮಾಡುವುದು ನನ್ನ ಕೆಲಸ. ಸಿನಿಮಾಕ್ಕೆ ಮಾತು ಬಂದ ಹೊಸತರಲ್ಲಿ ತೆಗೆದ, ಎಲ್ಲರೂ ಮರೆತ ಚಿತ್ರವೊಂದು ಆದೋನಿಯ ಹತ್ತಿ ವ್ಯಾಪಾರಿಗಳ ಮನೆಯ ಅಟ್ಟದಲ್ಲಿ ಸಿಕ್ಕಿತು. ಕತೆ ನನಗೆ ಓದಿ ಗೊತ್ತಿತ್ತು: ಮದುವೆ, ಗಂಡನ ಕಳ್ಳತನ, ವಿಚ್ಛೇದನ, ಕಡೆಗೆ ಜೈಲು. ಆದರೆ ಡಬ್ಬಿಗಳ ಮೇಲೆ ಬಣ್ಣದಲ್ಲಿ ಬರೆದ ನಂಬರಿನ ಪ್ರಕಾರ ಮದುವೆಯ ರೀಲೇ ಕೊನೆಯದು.

"ನಂಬರು ತಪ್ಪಾಗಿದೆ ಅಮ್ಮ" ಎಂದೆ.

ಮನೆಯ ಹಿರಿಯಾಕೆ ನಕ್ಕರು. "ತಪ್ಪೇನಿಲ್ಲ ತಮ್ಮಾ. ನಮ್ಮ ಮಾವನೋರು ಕೋಸಗಿ ಕಡೆ ಟೆಂಟ್ ಹಾಕಿ ಇದನ್ನ ತೋರಸ್ತಿದ್ರು. ಸಂಸಾರ ಒಡದದ್ದು ನೋಡಿ ಮಂದಿ ಮನೀಗಿ ಹೋಗಬಾರದು ಅಂತ ಮದುವಿ ರೀಲು ಕಡೀಗಿ ಹಾಕ್ತಿದ್ರು. ಹರಿಕಥಿ ಮಂಗಳ ಇಲ್ದ ಮುಗೀತೈತೇನು?"

"ಜೈಲಿಗೆ ಹೋದವನು ಮದುವೆಗೆ ಹೇಗೆ ಬಂದ ಅಂತ ಯಾರೂ ಕೇಳಲಿಲ್ಲವೇ?"

"ಬುದ್ಧಿ ಬಂದು ಆಕೀನ್ನೇ ತಿರಗಿ ಮಾಡ್ಕೊಂಡಾನ ಅಂತ ಮಂದೀನೇ ಹೇಳ್ತಿದ್ರು. ನೀನೂ ಹಂಗ ತೋರಸ್ತೀನಿ ಅಂದ್ರ ಒಯ್ಯಿ."

ಒಪ್ಪಿ ಡಬ್ಬಿಗಳನ್ನು ತಂದೆ. ಚಿತ್ರ ನೋಡಲು ಬಂದ ಸಿನಿಮಾ ತಜ್ಞರ ಮುಂದೆ ಮಾತ್ರ ಸರಿಯಾದ ಕ್ರಮದಲ್ಲೇ ತೋರಿಸಬೇಕಾಯಿತು. ಜೈಲಿನ ಬಾಗಿಲು ಮುಚ್ಚಿದ ಮೇಲೆ, ಕೊಟ್ಟ ಮಾತು ನೆನೆದು, ಮದುವೆಯ ರೀಲನ್ನು ಇನ್ನೊಮ್ಮೆ ಹಾಕಿಸಿದೆ. ಗೊಣಗುತ್ತಾರೆ ಎಂದುಕೊಂಡಿದ್ದೆ. ಮಂಗಳಕ್ಕೆ ಮುಂಚೆ ಒಬ್ಬರೂ ಏಳಲಿಲ್ಲ.